ಕಾಣದ ಕಡೆಯ ಕೆಲಸ

ಬ್ರಹ್ಮಾವರದಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆಯಾಚೆ ಒಂದು ರೋಲ್ಸ್ ರಾಯ್ಸ್ ಕಾರು ಇದೆ ಎಂದರೆ ನಮ್ಮ ಊರಿನವರೇ ನಂಬುವುದಿಲ್ಲ. ಆದರೂ ಇರುವುದು ನಿಜ. ಅದರ ಉದ್ದ ಎರಡು ಅಡಿಗೆ ತುಸು ಹೆಚ್ಚು. ಅದು ನಿಲ್ಲುವ ಜಾಗ ಒಂದು ಹಳೆಯ ಊಟದ ಮೇಜು. ಅದರ ಒಡೆಯರು ಬಸ್ಸುಗಳಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಊರೆಲ್ಲ ಅವರನ್ನು ಮೇಸ್ತ್ರಿಗಳು ಎಂದೇ ಕರೆಯುತ್ತದೆ. ನಾನೂ ಹಾಗೆಯೇ ಕರೆಯುತ್ತೇನೆ.

ಇಟಲಿಯ ಟುರಿನ್ ನಗರದ ಪೋಕರ್ ಎಂಬ ಕಂಪನಿ, ಹಳೆಯ ಕಾಲದ ವೈಭವದ ಕಾರುಗಳನ್ನು ಎಂಟರಲ್ಲಿ ಒಂದು ಪ್ರಮಾಣಕ್ಕೆ ಇಳಿಸಿ, ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ತುಂಬಿ ಮಾರುತ್ತಿತ್ತು. ಸಾವಿರಕ್ಕೂ ಹೆಚ್ಚು ತುಂಡುಗಳನ್ನು ಕೊಂಡವನೇ ಕುಳಿತು ಜೋಡಿಸಬೇಕು. ಅಂಥ ಒಂದು ಹಳೆಯ ಪೆಟ್ಟಿಗೆ, ಅರ್ಧ ಜೋಡಿಸಿ ಬಿಟ್ಟದ್ದು, ಮೇಸ್ತ್ರಿಗಳ ಅಳಿಯನ ಕೈಗೆ ಹೊರದೇಶದಲ್ಲಿ ಅಗ್ಗಕ್ಕೆ ಸಿಕ್ಕಿತಂತೆ. ಮಾವನಿಗೆ ಹೊತ್ತು ಹೋಗಲಿ ಎಂದು ಅವನು ತಂದುಕೊಟ್ಟ. ಹೊತ್ತು ಹೋದದ್ದು ಹೌದು. ಮೂರು ವರ್ಷ ಹೋಯಿತು. ಕಾರು ಇನ್ನೂ ಮುಗಿದಿಲ್ಲ.

ಮುಗಿಯದಿರುವುದಕ್ಕೆ ಕಾರಣವಿದೆ. ಪೆಟ್ಟಿಗೆಯಲ್ಲಿ ಇದ್ದದ್ದನ್ನು ಮಾತ್ರ ಜೋಡಿಸಿದ್ದರೆ ಅದು ಎಂದೋ ಮುಗಿಯುತ್ತಿತ್ತು. ಮೇಸ್ತ್ರಿಗಳು ಪೆಟ್ಟಿಗೆಯಲ್ಲಿ ಇಲ್ಲದ್ದನ್ನು ಮಾಡತೊಡಗಿದರು. ಹಾಳಾದ ಮಿಕ್ಸಿಯ ಮೋಟರಿನಿಂದ ಬಿಚ್ಚಿದ ತಾಮ್ರದ ತಂತಿ, ಕೊಡೆಯ ಕಡ್ಡಿ, ಸೂಜಿ, ಹಳೆಯ ಕೈಚೀಲದ ತೊಗಲು, ಹಿತ್ತಾಳೆಯ ತಗಡು, ಇವೇ ಅವರ ಸಾಮಗ್ರಿ. ಆಯುಧಗಳೆಂದರೆ ಅರ, ಚಿಮಟ ಮತ್ತು ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ.

ಅವರು ಕಟ್ಟುತ್ತಿರುವುದು ಫ್ಯಾಂಟಮ್ ಎರಡು ಎಂಬ ಕಾರನ್ನು. 1929ರಲ್ಲಿ ಹೊರಬಂದು 1935ರವರೆಗೆ ನಡೆದ ಮಾದರಿ ಅದು. ಇದರ ಬಗ್ಗೆ ಮೇಸ್ತ್ರಿಗಳಿಗೆ ಅಷ್ಟು ಮಮತೆ ಹುಟ್ಟಿದ್ದು ಏಕೆ ಎಂಬುದು ನನಗೆ ತಡವಾಗಿ ತಿಳಿಯಿತು. ಆ ಕಾಲದಲ್ಲಿ ರೋಲ್ಸ್ ರಾಯ್ಸ್ ಕಂಪನಿ ಇಡೀ ಕಾರನ್ನು ಮಾಡಿ ಮಾರುತ್ತಿರಲಿಲ್ಲ. ಡರ್ಬಿಯ ಕಾರ್ಖಾನೆಯಿಂದ ಹೊರಬೀಳುತ್ತಿದ್ದುದು ಎಂಜಿನ್ನು ಕೂರಿಸಿದ ಚಾಸಿ ಮಾತ್ರ. ಕೊಂಡವನು ಅದನ್ನು ಹೂಪರ್, ಬಾರ್ಕರ್ ಮೊದಲಾದ ಬಾಡಿ ಕಟ್ಟುವವರಲ್ಲಿಗೆ ಕಳುಹಿಸಿ, ತನ್ನ ಮನಸ್ಸಿಗೆ ಬಂದ ಹಾಗೆ ಮೈ ಕಟ್ಟಿಸಿಕೊಳ್ಳಬೇಕು. ನಮ್ಮ ಬಸ್ಸು ಲಾರಿಗಳ ಕಥೆಯೂ ಬಹುಮಟ್ಟಿಗೆ ಅದೇ ಅಲ್ಲವೆ? "ರಾಜರ ಕಾರಾದ್ರೆ ಏನು, ಕುಂದಾಪುರದ ಬಸ್ಸಾದ್ರೆ ಏನು, ಬಾಡಿ ಕಟ್ಟಿದವ ನಮ್ಮಂಥವನೇ" ಎಂದರು ಮೇಸ್ತ್ರಿಗಳು. ಅಸಲು ಕಾರಿನ ಎರಡು ಗಾಲಿಗಳ ನಡುವಿನ ಅಂತರ 150 ಅಂಗುಲ. ಮೇಜಿನ ಮೇಲಿರುವುದರದ್ದು ಹದಿನೆಂಟು ಮುಕ್ಕಾಲು. ಈ ಲೆಕ್ಕವನ್ನು ಅವರು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲರು.

ಒಂದು ಸಂಜೆ ನಾನು ಹೋದಾಗ ಕಾರು ಅಂಗಾತ ಮಲಗಿತ್ತು. ಮೇಸ್ತ್ರಿಗಳು ಅದರ ಹೊಟ್ಟೆಯ ಮೇಲೆ ಬಾಗಿ ಕೂದಲೆಳೆಯಂಥ ತಂತಿಯನ್ನು ಬಗ್ಗಿಸುತ್ತಿದ್ದರು. ಈ ಕಾರಿನಲ್ಲಿ ಚಾಲಕನ ಬಳಿ ಒಂದು ಪೆಡಲು ಇರುತ್ತದೆ. ಅದನ್ನು ಒತ್ತಿದರೆ ಸಣ್ಣ ಕೊಳವೆಗಳ ಮೂಲಕ ಎಣ್ಣೆ ಹರಿದು ಚಾಸಿಯ ಕೀಲುಗಳನ್ನು ತಲುಪುತ್ತದೆ. ಆ ಕೊಳವೆಗಳ ಜಾಲವನ್ನೇ ಅವರು ಮಾಡುತ್ತಿದ್ದರು. ಅಸಲಿನಲ್ಲಿ ಕೊಳವೆ ನಾಲ್ಕು ಮಿಲಿಮೀಟರು ದಪ್ಪವಿದ್ದರೆ ಇಲ್ಲಿ ಅರ್ಧ ಮಿಲಿಮೀಟರು. ಅದರ ಪಕ್ಕದಲ್ಲಿ, ಗೇರು ಪೆಟ್ಟಿಗೆಗೆ ಅಂಟಿದಂತೆ, ಗುಂಡಿಯಷ್ಟು ಅಗಲದ ಒಂದು ಬಿಲ್ಲೆ ಕುಳಿತಿತ್ತು. ಅಸಲು ಕಾರಿನಲ್ಲಿ ಆ ಬಿಲ್ಲೆ ಸುತ್ತುತ್ತಿರುತ್ತದೆ. ಚಾಲಕ ಬ್ರೇಕು ತುಳಿದಾಗ, ಓಡುತ್ತಿರುವ ಕಾರಿನ ಬಲವನ್ನೇ ಅವನ ಕಾಲಿನ ಬಲಕ್ಕೆ ಕೂಡಿಸಿ ಬ್ರೇಕನ್ನು ಎಳೆಯುತ್ತದೆ.

"ಇದೆಲ್ಲ ಮುಗಿದ ಮೇಲೆ?" ಎಂದು ಕೇಳಿದೆ.

"ಮೇಲೆ ತಳದ ಹಲಗೆ ಕೂರಿಸೂದು, ಕೆಳಗೆ ತಗಡು ಮುಚ್ಚೂದು."

"ಹಾಗಾದರೆ ಇದು ಕಾಣುವುದೇ ಇಲ್ಲ!"

"ಇಲ್ಲ."

"ಯಾರಿಗೂ ಗೊತ್ತಾಗುವುದಿಲ್ಲ!"

ಮೇಸ್ತ್ರಿಗಳು ಕಣ್ಣಿನ ಗಾಜನ್ನು ತೆಗೆದು ನನ್ನನ್ನು ನೋಡಿದರು. "ನಂಗ್ ಗೊತ್ತಿತ್ತಲ್ದಾ?" ಎಂದರು.

ಪಟ್ಟಣದ ಓದುಗರಿಗಾಗಿ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕುಂದಾಪುರದ ಕಡೆಯ ಕನ್ನಡದಲ್ಲಿ 'ಇತ್ತು' ಎಂದರೆ 'ಇದೆ' ಎಂದೇ ಅರ್ಥ. 'ನನಗೆ ಗೊತ್ತಿದೆಯಲ್ಲ' ಎಂಬುದನ್ನೇ ಅವರು ಹೇಳಿದ್ದು. ಆದರೆ ನಾನು ಮೂವತ್ತು ವರ್ಷ ಬೇರೆ ಬೇರೆ ಜಿಲ್ಲೆಗಳಲ್ಲಿ ಸರಕಾರಿ ಎಂಜಿನಿಯರನಾಗಿ ದುಡಿದು ಮರಳಿದವನು. ನನ್ನ ಕಿವಿ ಅದನ್ನು ಕ್ಷಣಕಾಲ ಭೂತಕಾಲವಾಗಿ ಕೇಳಿತು. ಗೊತ್ತಿತ್ತು! ನನಗೆ ಏನೇನು ಗೊತ್ತಿತ್ತು, ಏನೇನು ಗೊತ್ತಿರಲಿಲ್ಲ ಎಂಬ ಲೆಕ್ಕ ಆ ರಾತ್ರಿ ನಿದ್ದೆ ಕೊಡಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಪ್ರಶ್ನೆಯನ್ನು ಸರಿಯಾಗಿ ಇಟ್ಟುಕೊಳ್ಳೋಣ.

ಯಾರ ಕಣ್ಣಿಗೂ ಬೀಳದ ಕಡೆ ಅಚ್ಚುಕಟ್ಟಾಗಿ ಕೆಲಸ ಮಾಡುವುದು ಗುಣವೆ, ಗೀಳೆ? ಈ ಪ್ರಶ್ನೆಗೆ ಥಟ್ಟನೆ 'ಗುಣ' ಎಂದುಬಿಡುವುದು ನಮ್ಮ ವಾಡಿಕೆ. 'ದೇವರು ನೋಡುತ್ತಾನೆ' ಎಂದು ಒಬ್ಬರು. 'ಫಲವನ್ನು ಬಯಸದ ಕರ್ಮ' ಎಂದು ಇನ್ನೊಬ್ಬರು. 'ಕಾಯಕ' ಎಂದು ಮತ್ತೊಬ್ಬರು. ಇವೆಲ್ಲ ದೊಡ್ಡ ಮಾತುಗಳು. ತಾಮ್ರದ ತಂತಿಯ ಮೇಲೆ ಇಷ್ಟು ಭಾರ ಹೊರಿಸಲು ನನಗೆ ಮನಸ್ಸಾಗುವುದಿಲ್ಲ. ಮೇಸ್ತ್ರಿಗಳು ಫಲ ಬಯಸದೆ ಮಾಡುತ್ತಾರೆ ಎನ್ನುವುದೂ ಸುಳ್ಳು; ಆ ತಂತಿ ಸರಿಯಾಗಿ ಕೂತಾಗ ಅವರ ಮುಖವನ್ನು ನೋಡಬೇಕು, ಪಾಯಸ ಉಂಡವರ ಮುಖ.

ಎದುರು ಪಕ್ಷದ ವಾದವನ್ನೂ ಕೇಳಬೇಕು. ಆ ಪಕ್ಷದ ನಾಯಕಿ ಮೇಸ್ತ್ರಿಗಳ ಮನೆಯಲ್ಲೇ ಇದ್ದಾರೆ. ಕಳೆದ ಮಳೆಗಾಲದಲ್ಲಿ ಅವರ ಹಂಚಿನ ಮಾಡು ಮೂರು ಕಡೆ ಸೋರಿತು. ಅಡಿಗೆಮನೆಯಲ್ಲಿ ಪಾತ್ರೆ ಇಟ್ಟು ಇಟ್ಟು ಸಾಕಾಗಿ ಅವರ ಹೆಂಡತಿ ನನ್ನ ಮುಂದೆಯೇ ಕೇಳಿದರು: "ಕಾಣಿ ಎಂಜಿನಿಯರ್ರೆ, ಇವ್ರಿಗೆ ಕಾರಿನ ಅಡಿ ಕಾಂಬುಕೆ ಕಣ್ಣಿತ್ತ್, ಮನಿ ಮಾಡ್ ಕಾಂಬುಕೆ ಇಲ್ಯಾ?" ಮೇಸ್ತ್ರಿಗಳು ಉತ್ತರ ಕೊಡಲಿಲ್ಲ. ಕೊಡಲು ಉತ್ತರವಿರಲಿಲ್ಲ. ಕಾಣದ ಕಡೆಯ ಕೆಲಸದ ಮೇಲೆ ಅಷ್ಟು ಪ್ರೀತಿ ಇರುವವರಿಗೆ ಹಂಚಿನ ಅಡಿಯ ರೀಪು ಕಾಣದ ಕಡೆಯಲ್ಲವೆ? ಹೆಂಡತಿಯ ಬೆನ್ನುನೋವು ಕಾಣದ ಕಡೆಯಲ್ಲವೆ? ತನಗೆ ಇಷ್ಟವಾದ ಒಂದು ಮೂಲೆಯಲ್ಲಿ ಸೂಕ್ಷ್ಮಾತಿಸೂಕ್ಷ್ಮವಾಗಿ ಪ್ರಾಮಾಣಿಕನಾಗಿದ್ದು, ಉಳಿದ ಮನೆಯನ್ನು ಸೋರಲು ಬಿಡುವುದು ಅನೇಕ ಒಳ್ಳೆಯವರ ಒಂದು ದೊಡ್ಡ ಠಕ್ಕು. ಇದನ್ನು ನಾನು ಮೇಸ್ತ್ರಿಗಳಿಗೆ ಹೇಳುವಷ್ಟರಲ್ಲಿ ಅವರೇ ಏಣಿ ತಂದಿದ್ದರು. ಈ ವರ್ಷ ಮೇ ತಿಂಗಳಿಡೀ ಕಾರು ಬಟ್ಟೆ ಹೊದ್ದು ಕಾದಿತ್ತು. ಮಾಡಿನ ರೀಪು ಬದಲಾಯಿತು, ಒಡೆದ ಹಂಚು ಇಳಿಯಿತು. ಈ ಮಳೆಗೆ ಸೋರಲಿಲ್ಲ.

ಇನ್ನೊಂದು ಆಕ್ಷೇಪಣೆ ಕಲೆಯ ಕಡೆಯಿಂದ ಬರುತ್ತದೆ. ಇದು ನಮ್ಮ ಊರಿನವರಿಗೆ ಬೇಗ ಅರ್ಥವಾಗುವಂಥದು. ಬ್ರಹ್ಮಾವರದ ಆಸುಪಾಸಿನ ಹಾರಾಡಿ, ಮಟಪಾಡಿ ಎಂಬ ಎರಡು ಹಳ್ಳಿಗಳು ಬಡಗುತಿಟ್ಟಿನ ಯಕ್ಷಗಾನದಲ್ಲಿ ಎರಡು ಶೈಲಿಗಳಿಗೇ ಹೆಸರು ಕೊಟ್ಟಿವೆ. ರಂಗದ ಮೇಲೆ ವೀರನ ತಲೆಯಲ್ಲಿ ಕಂಗೊಳಿಸುವ ಮುಂಡಾಸಿನ ಒಳಗೆ ಏನಿದೆ? ಬಟ್ಟೆ ಸುತ್ತಿದ ಹುಲ್ಲಿನ ಅಟ್ಟೆ. ಕುಂದಾಪುರದಾಚೆಯ ಉಪ್ಪಿನಕುದ್ರಿನಲ್ಲಿ ಕೊಗ್ಗ ಕಾಮತರ ಮನೆತನ ಬೆಳೆಸಿಕೊಂಡು ಬಂದಿರುವ ಸೂತ್ರದ ಗೊಂಬೆಯಾಟವಿದೆ. ಅಲ್ಲಿ ಯಕ್ಷಗಾನದ ವೇಷವೇ ಗೊಂಬೆಯ ಅಳತೆಗೆ ಇಳಿದಿದೆ: ಕಿರೀಟ, ಭುಜಕೀರ್ತಿ, ಕಸೆ ಸೀರೆ, ಎಲ್ಲವೂ ಪುಟ್ಟದಾಗಿ. ಇದೂ ಒಂದು ಬಗೆಯ 'ಪ್ರಮಾಣದ ಮಾದರಿ'ಯೇ. ಆದರೆ ಆ ಗೊಂಬೆಯ ಎದೆಯೊಳಗೆ ಹೃದಯವನ್ನು ಕೆತ್ತಿಡಬೇಕೆಂದು ಯಾರೂ ಕೇಳುವುದಿಲ್ಲ. ದೀಪದ ಮುಂದೆ ಅದು ಹೆಜ್ಜೆ ಹಾಕಿದರೆ ಹೃದಯ ತಾನಾಗಿ ಬರುತ್ತದೆ. ನೋಡುವವರ ಎದೆಯಿಂದ ಬರುತ್ತದೆ. ಕಲೆ ಎಂದರೆ ತೋರಿಕೆ. ತೋರದ್ದು ಕಲೆಗೆ ಬೇಡ, ಎಂದು ವಾದಿಸಬಹುದು.

ವಾದ ಬಲವಾದದ್ದೇ. ಆದರೆ ಇದಕ್ಕೆ ಎದುರಾಗಿ ನಿಲ್ಲುವ ಉದಾಹರಣೆಯೂ ಇದೆ. ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ಅಥೆನ್ಸ್ ನಗರದಲ್ಲಿ ಕಟ್ಟಿದ ಪಾರ್ಥೆನಾನ್ ದೇವಾಲಯದ ನೆತ್ತಿಯ ತ್ರಿಕೋನದಲ್ಲಿ ಅಮೃತಶಿಲೆಯ ವಿಗ್ರಹಗಳಿದ್ದವು. ನೆಲದಿಂದ ಎಷ್ಟೋ ಎತ್ತರ. ಬೆನ್ನು ಗೋಡೆಗೆ ತಿರುಗಿದೆ. ಆ ಬೆನ್ನನ್ನು ನೋಡಬಲ್ಲವರು ಹಕ್ಕಿಗಳು ಮಾತ್ರ. ಅವುಗಳಲ್ಲಿ ಹಲವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ನೆಲದ ಹತ್ತಿರವೇ ನಿಂತಿರುವುದರಿಂದ, ಬೆನ್ನಿನ ಬಟ್ಟೆಯ ನಿರಿಗೆಯನ್ನೂ ಕೆತ್ತಿದ್ದಾರೆಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಅಷ್ಟು ದೂರ ಏಕೆ? ನಮ್ಮ ದಕ್ಷಿಣದ ದೇವಾಲಯಗಳ ಹಳೆಯ ಕಂಚಿನ ಉತ್ಸವಮೂರ್ತಿಗಳ ಬೆನ್ನನ್ನು ನೋಡಿ. ಪಲ್ಲಕ್ಕಿಯಲ್ಲಿ ಹೂವು, ಪೀತಾಂಬರಗಳ ಅಡಿಯಲ್ಲಿ ಮುಚ್ಚಿಹೋಗುವ ಬೆನ್ನಿನಲ್ಲಿ ಜಡೆಯ ಎಳೆ ಎಳೆ ಬಿಡಿಸಿರುತ್ತದೆ.

ಹಾಗಾದರೆ ಯಾವುದು ಸರಿ? ಎರಡೂ ಸರಿ ಎಂದು ನನಗೆ ತೋರುತ್ತದೆ. ಕೊಟ್ಟ ಮಾತು ಬೇರೆ ಬೇರೆ, ಅಷ್ಟೆ. ಯಕ್ಷಗಾನದ ವೇಷಧಾರಿ 'ನನ್ನ ಮುಂಡಾಸಿನ ಒಳಗೂ ಚಿನ್ನವಿದೆ' ಎಂದು ಯಾರಿಗೂ ಮಾತು ಕೊಟ್ಟಿಲ್ಲ. ಅವನು ಕೊಟ್ಟ ಮಾತು ಬೆಳಗಿನವರೆಗೆ ಕರ್ಣನಾಗಿರುತ್ತೇನೆ ಎಂಬುದು. ಹುಲ್ಲಿನಿಂದ ಆ ಮಾತಿಗೆ ಭಂಗವಿಲ್ಲ. ಆದರೆ 'ಇದು ಆ ಕಾರು, ಎಂಟರಲ್ಲಿ ಒಂದು' ಎಂದು ಹೇಳಿದವನು ಬೇರೊಂದು ಮಾತು ಕೊಟ್ಟಿದ್ದಾನೆ. ಎಂಟರಲ್ಲಿ ಒಂದು ಎಂಬುದು ಹೊರಮೈಗೆ ಮಾತ್ರ ಅನ್ವಯಿಸುವ ಲೆಕ್ಕವಲ್ಲ. ಎಲ್ಲಿಯವರೆಗೆ ಆ ಮಾತು ನಡೆಸುತ್ತೇನೆ ಎಂಬುದನ್ನು ಅವನೇ ತೀರ್ಮಾನಿಸಬೇಕು. ಮುಚ್ಚಿದ ಮೇಲೆ ಕೇಳುವವರಿಲ್ಲ.

ಇಲ್ಲಿ ಮೇಸ್ತ್ರಿಗಳ ನೋಟುಪುಸ್ತಕದ ವಿಷಯ ಹೇಳಬೇಕು. ಶಾಲೆಯ ಮಕ್ಕಳ ಇನ್ನೂರು ಪುಟದ ಪುಸ್ತಕ. ಪ್ರತಿ ಪುಟಕ್ಕೂ ಉದ್ದಗೆರೆ ಎಳೆದು ಎರಡು ಅಂಕಣ ಮಾಡಿದ್ದಾರೆ. ಒಂದರ ನೆತ್ತಿಯಲ್ಲಿ 'ಕಂಡದ್ದು'. ಇನ್ನೊಂದರ ನೆತ್ತಿಯಲ್ಲಿ 'ಅಂದಾಜು'. ಹಳೆಯ ಚಿತ್ರಗಳಲ್ಲಿ, ನಕ್ಷೆಗಳಲ್ಲಿ ನೋಡಿ ಅಳೆದು ಮಾಡಿದ ಭಾಗಗಳೆಲ್ಲ ಮೊದಲನೆಯದರಲ್ಲಿ. ಹೀಗಿದ್ದೀತು ಎಂದು ಊಹಿಸಿ ಮಾಡಿದ್ದೆಲ್ಲ ಎರಡನೆಯದರಲ್ಲಿ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲೇ ಇದೆಯಲ್ಲ. ಅಲ್ಲಿಗೆ ಎರಡು ಬಾರಿ ಹೋಗಿ ಬಂದಿದ್ದಾರೆ. ಎಲ್ಲರೂ ಕಾರುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವಾಗ ಇವರು ಮಂಡಿಯೂರಿ ಅಡಿಯನ್ನು ಇಣುಕುತ್ತಿದ್ದರಂತೆ. ಕಾವಲುಗಾರ, "ಏನಾದರೂ ಬಿತ್ತಾ ಅಜ್ಜ?" ಎಂದು ಕೇಳಿದನಂತೆ.

ಹಿಂದಿನ ಅಚ್ಚಿನ ಎಡಮಗ್ಗುಲಲ್ಲಿ ಎಣ್ಣೆಯ ಕೊಳವೆ ಹೇಗೆ ತಿರುಗುತ್ತದೆ ಎಂಬುದು ಅವರಿಗೆ ಸಿಕ್ಕ ಯಾವ ಚಿತ್ರದಲ್ಲೂ ಕಾಣುತ್ತಿರಲಿಲ್ಲ. ಅಲ್ಲಿ ಬರಿಯ ಕತ್ತಲೆ. "ಅಂದಾಜಿನ ಮೇಲೆ ಮಾಡಿಬಿಡಿ" ಎಂದೆ. ತಲೆಯಾಡಿಸಿದರು. ಅಂದಾಜಿಗೂ ಒಂದು ಆಧಾರ ಬೇಕಂತೆ. ಬಲಮಗ್ಗುಲನ್ನು ನೋಡಿ ಎಡಮಗ್ಗುಲನ್ನು ಊಹಿಸಬಹುದು, ಆದರೆ ಈ ಕಾರಿನಲ್ಲಿ ಎಡಬಲ ಒಂದೇ ರೀತಿ ಇಲ್ಲ. ಕೊಳವೆಯನ್ನು ಅಲ್ಲಿಗೇ ನಿಲ್ಲಿಸಿ, ಪುಸ್ತಕದಲ್ಲಿ ಎರಡೂ ಅಂಕಣಗಳಿಗೆ ಅಡ್ಡವಾಗಿ ಒಂದೇ ಮಾತು ಬರೆದರು: 'ಕಂಡಿಲ್ಲ.'

ಆ ಪದವನ್ನು ನೋಡಿದಾಗ ನನ್ನ ಕೈ ತಣ್ಣಗಾಯಿತು ಎಂದರೆ ಅತಿಶಯೋಕ್ತಿ ಅಲ್ಲ.

1986ರ ಮೇ ತಿಂಗಳ ಮಾತು. ಬೇರೊಂದು ಜಿಲ್ಲೆಯ ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ನಾನು ಜೂನಿಯರ್ ಎಂಜಿನಿಯರ್. ಹಳ್ಳಿಯ ರಸ್ತೆಗೆ ಅಡ್ಡಲಾಗಿ ಹರಿಯುವ ಒಂದು ತೊರೆಗೆ ಮೋರಿ ಕಟ್ಟುತ್ತಿದ್ದರು. ಮೇಲಿನ ಸ್ಲ್ಯಾಬಿಗೆ ಕಾಂಕ್ರೀಟು ಹಾಕುವ ಮುಂಚೆ ಸೆಂಟ್ರಿಂಗಿನ ಮೇಲೆ ಕಟ್ಟಿದ ಕಬ್ಬಿಣದ ಸರಳುಗಳನ್ನು ಎಂಜಿನಿಯರು ಕಣ್ಣಾರೆ ನೋಡಿ, ದಪ್ಪ ಎಷ್ಟು, ನಡುವಿನ ಅಂತರ ಎಷ್ಟು ಎಂದು ಅಳೆದು, ಮೆಷರ್‌ಮೆಂಟ್ ಬುಕ್ಕಿನಲ್ಲಿ ಬರೆದು ಸಹಿ ಹಾಕಬೇಕು. ಕಾಂಕ್ರೀಟು ಬಿದ್ದ ಮೇಲೆ ಅದನ್ನು ನೋಡುವವರಿಲ್ಲ. ಹಿಂದಿನ ದಿನ ಸಂಜೆ ಗುತ್ತಿಗೆದಾರನ ಆಳು ಬಂದು, ಸರಳು ಕಟ್ಟಿ ಆಗಿದೆ, ಮಳೆ ಮೋಡ ಕವಿಯುತ್ತಿದೆ, ಬೆಳಿಗ್ಗೆ ಬೇಗ ಬನ್ನಿ ಎಂದ. ಬೆಳಿಗ್ಗೆ ನನಗೆ ಬಸ್ಸು ತಪ್ಪಿತು. ಮುಂದಿನ ಬಸ್ಸಿನಲ್ಲಿ ಹೋಗಿ ಇಳಿದಾಗ ಹನ್ನೊಂದು ಗಂಟೆ. ಅರ್ಧಕ್ಕಿಂತ ಹೆಚ್ಚು ಸ್ಲ್ಯಾಬು ಹಾಕಿ ಆಗಿತ್ತು.

ನಾನು ಏನು ಮಾಡಬೇಕಿತ್ತು? ಕೆಲಸ ನಿಲ್ಲಿಸಬಹುದಿತ್ತು. ಅದೂ ಬೇಡ, 'ನಾನು ಬರುವ ಮುಂಚೆ ಹಾಕಿದ ಭಾಗದ ಸರಳುಗಳನ್ನು ನೋಡಿಲ್ಲ' ಎಂದು ಒಂದು ಸಾಲು ಬರೆಯಬಹುದಿತ್ತು. ಬರೆದಿದ್ದರೆ ಮೇಲಿನವರು ಕೇಳುತ್ತಿದ್ದರು, ಬಿಲ್ಲು ನಿಲ್ಲುತ್ತಿತ್ತು, ನಾನು ತಡವಾಗಿ ಬಂದದ್ದು ಬಯಲಾಗುತ್ತಿತ್ತು. ನಾನು ಬರೆದದ್ದು ಬೇರೆ. ಹನ್ನೆರಡು ಮಿಲಿಮೀಟರಿನ ಸರಳು, ಹದಿನೈದು ಸೆಂಟಿಮೀಟರಿನ ಅಂತರ, ಇಡೀ ಸ್ಲ್ಯಾಬಿಗೆ ಪರಿಶೀಲಿಸಲಾಗಿದೆ. ನಕ್ಷೆಯಲ್ಲಿ ಇದ್ದದ್ದನ್ನೇ ನಕಲು ಮಾಡಿದೆ. ಕೆಳಗೆ ಸಹಿ.

ಓದುಗರು ಈಗ ಮೋರಿ ಕುಸಿದ ಕಥೆಯನ್ನು ನಿರೀಕ್ಷಿಸುತ್ತಿರಬಹುದು. ಮೋರಿ ಕುಸಿಯಲಿಲ್ಲ. ಇಂದಿಗೂ ನಿಂತಿದೆ. ಗುತ್ತಿಗೆದಾರ ಒಳ್ಳೆಯವನೇ ಇದ್ದಿರಬೇಕು. ಸರಳುಗಳು ನಾನು ಬರೆದಂತೆಯೇ ಇರಲೂ ಬಹುದು. ಆಮೇಲೆ ಎರಡು ಬಾರಿ ಆ ದಾರಿಯಲ್ಲಿ ಹೋಗುವಾಗ ಬಸ್ಸಿನಿಂದ ಇಳಿದು, ತೊರೆಗಿಳಿದು, ಸ್ಲ್ಯಾಬಿನ ಅಡಿಯನ್ನು ನೋಡಿದ್ದೇನೆ. ನುಣ್ಣಗಿದೆ. ಆ ನುಣುಪಿನಿಂದ ಒಳಗಿನದು ಏನೂ ತಿಳಿಯುವುದಿಲ್ಲ. ಶಾಲೆಯ ಮಕ್ಕಳು ಅದರ ಮೇಲೆ ನಡೆದು ಹೋಗುತ್ತಿದ್ದರು. ನಲವತ್ತು ವರ್ಷಗಳ ಹಿಂದೆ ಅಲ್ಲಿ ಇಲ್ಲದಿದ್ದ ದೊಡ್ಡ ದೊಡ್ಡ ಲಾರಿಗಳು ಈಗ ಹೋಗುತ್ತವೆ.

ಈ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಹೆಂಡತಿಗೂ ಹೇಳಿರಲಿಲ್ಲ. ಹೇಳಲು ಅದರಲ್ಲಿ ಏನಿದೆ ಎಂದುಕೊಂಡಿದ್ದೆ. ಲಂಚ ತಿಂದಿಲ್ಲ, ಯಾರೂ ಸತ್ತಿಲ್ಲ. ಮೇಸ್ತ್ರಿಗಳ ಮೇಜಿನ ಪಕ್ಕದಲ್ಲಿ ಕುಳಿತು, ಅಂಗಾತ ಮಲಗಿದ ಆ ಆಟಿಕೆಯ ಕಾರನ್ನು ನೋಡುತ್ತ ಹೇಳಿಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ತಂತಿಯ ತುದಿಗೆ ಅರ ಹಾಕುತ್ತ, "ನಿಮ್ಮ ಬುಕ್ಕಲ್ಲಿ 'ಕಂಡಿಲ್ಲ' ಅಂತ ಬರೂಕೆ ಜಾಗ ಇರ್ಲಿಲ್ಯಾ ಎಂಜಿನಿಯರ್ರೆ?" ಎಂದು ಕೇಳಿದರು.

ಜಾಗ ಇತ್ತು. 'ಷರಾ' ಎಂಬ ಅಂಕಣವೇ ಇತ್ತು.

ಆ ದಿನದಿಂದ ನನಗೆ ಮೂಲ ಪ್ರಶ್ನೆಯೇ ಬೇರೆಯಾಗಿ ಕಾಣುತ್ತಿದೆ. ಕಾಣದ ಕಡೆಯ ಕೆಲಸವನ್ನು ಯಾರಿಗಾಗಿ ಮಾಡಬೇಕು ಎಂದು ನಾವು ಕೇಳುತ್ತೇವೆ, ಕಣ್ಣುಗಳನ್ನು ಎಣಿಸುತ್ತೇವೆ. ಆದರೆ ಪ್ರಪಂಚದ ಬಹುಪಾಲು ಕಾಣದ ಕಡೆಯಲ್ಲೇ ನಿಂತಿದೆ. ನಾವು ನಡೆಯುವ ಸೇತುವೆಯ ಕಬ್ಬಿಣ, ಕುಡಿಯುವ ಔಷಧದ ಒಳಗಿನದು, ಹೋಟೆಲಿನ ಅಡಿಗೆಮನೆ, ಲೆಕ್ಕಪತ್ರದ ಹಿಂದಿನ ಚೀಟಿಗಳು, ಇವು ಯಾವುವೂ ನಮಗೆ ಕಾಣುವುದಿಲ್ಲ. ಎಲ್ಲೋ ಒಬ್ಬನು ಮುಚ್ಚುವ ಮುಂಚೆ ನೋಡಿದ್ದಾನೆ ಎಂಬ ನಂಬಿಕೆಯ ಮೇಲೆ ನಾವು ಕಾಲಿಡುತ್ತೇವೆ. ನೂರು ಜನ ನೋಡಬೇಕಾಗಿಲ್ಲ. ಒಬ್ಬ ನೋಡಿದ್ದರೆ ಸಾಕು. ಆ ಒಬ್ಬನೂ ನೋಡದೆ 'ನೋಡಿದ್ದೇನೆ' ಎಂದು ಬರೆದರೆ, ಆ ಜಾಗ ಪ್ರಪಂಚದಲ್ಲಿ ಯಾರಿಗೂ ಗೊತ್ತಿಲ್ಲದ ಜಾಗವಾಗಿ ಉಳಿದುಬಿಡುತ್ತದೆ. ಮೇಸ್ತ್ರಿಗಳ ಕಾರಿನ ತಳದಲ್ಲಿ ಏನಿದೆ ಎಂಬುದು ಒಬ್ಬರಿಗೆ ಗೊತ್ತು. ಏನಿಲ್ಲ ಎಂಬುದೂ ಗೊತ್ತು. ನನ್ನ ಮೋರಿಯೊಳಗೆ ಏನಿದೆ ಎಂಬುದು ನನಗೂ ಗೊತ್ತಿಲ್ಲ. ಅವರದು ಆಟಿಕೆ, ನನ್ನದು ರಸ್ತೆ.

ಕೆಲಸದಲ್ಲಿ ಅರೆಕೊರೆ ಇರುವುದು ಅಪರಾಧವಲ್ಲ. ಮೇಸ್ತ್ರಿಗಳ ಕೊಳವೆಯೂ ಅರ್ಧಕ್ಕೆ ನಿಂತಿದೆ. ಅವರು ಆ ಕೊರತೆಯನ್ನು ಕೊರತೆ ಎಂದು ಬರೆದಿಟ್ಟಿದ್ದಾರೆ, ಅಷ್ಟೆ. ಮುಂದೆ ಎಂದಾದರೂ ಒಂದು ಒಳ್ಳೆಯ ಚಿತ್ರ ಸಿಕ್ಕರೆ ಅವರೇ ಆಗಲಿ, ಬೇರೆ ಯಾರೇ ಆಗಲಿ ತಗಡನ್ನು ಬಿಚ್ಚಿ ಆ ಕೊಳವೆಯನ್ನು ಪೂರೈಸಬಹುದು. ನನ್ನ ಪುಸ್ತಕದಲ್ಲಿ ಎಲ್ಲವೂ ಪೂರ್ಣವಾಗಿದೆ. ಆದುದರಿಂದಲೇ ಯಾರೂ ಅದನ್ನು ಮತ್ತೆ ತೆರೆದು ನೋಡುವುದಿಲ್ಲ.

ಈಗ ಕಾಂಕ್ರೀಟನ್ನು ಒಡೆಯದೆಯೇ, ಅಯಸ್ಕಾಂತದ ಗುಣದಿಂದ ಒಳಗಿನ ಸರಳುಗಳ ಜಾಗವನ್ನು ಕಂಡುಹಿಡಿಯುವ ಉಪಕರಣಗಳಿವೆ. ಹಿಂದಿನ ತಿಂಗಳು ಸಂಬಂಧಪಟ್ಟ ಕಛೇರಿಗೆ ಒಂದು ಪತ್ರ ಬರೆದೆ. ಇಂಥ ರಸ್ತೆ, ಇಂಥ ಮೋರಿ, ಇಂಥ ವರ್ಷ; ಸ್ಲ್ಯಾಬಿನ ಪೂರ್ವದ ಅರ್ಧಭಾಗದ ಸರಳುಗಳನ್ನು ನಾನು ನೋಡಿರಲಿಲ್ಲ; ನೋಡಿದ್ದಾಗಿ ಬರೆದಿದ್ದೇನೆ; ದಯವಿಟ್ಟು ಪರೀಕ್ಷಿಸಬೇಕು. ಇಷ್ಟೇ ಒಕ್ಕಣೆ. ಬರೆಯಲು ಅರ್ಧ ಗಂಟೆ ಹಿಡಿಯಿತು. ಅಂಚೆಗೆ ಹಾಕಲು ಒಂಬತ್ತು ದಿನ. ಉತ್ತರ ಇನ್ನೂ ಬಂದಿಲ್ಲ. ನಿವೃತ್ತನೊಬ್ಬನಿಗೆ ತಲೆ ಕೆಟ್ಟಿದೆ ಎಂದು ಫೈಲಿನಲ್ಲಿ ಇಟ್ಟಿರಬಹುದು. ಬಾರದಿದ್ದರೆ ಮತ್ತೊಂದು ಬರೆಯಬೇಕು.

ಮೊನ್ನೆ ಭಾನುವಾರ ಮೇಸ್ತ್ರಿಗಳು ಕಾರಿನ ತಳ ಮುಚ್ಚಿದರು. ನನ್ನನ್ನು ಕರೆದಿದ್ದರು. ಮುಚ್ಚುವ ಮುಂಚೆ ಒಂದು ಫೋಟೋ ತೆಗೆಯಲೆ ಎಂದು ಕೇಳಿದೆ. "ತೆಗೀನಿ, ನಾಳೆ ರಿಪೇರಿಗೆ ಬೇಕಾತ್ತ್" ಎಂದರು. ಅವರ ಹೆಂಡತಿಯೂ ಕಾಫಿ ಹಿಡಿದು ಬಂದು, ಭೂತಗನ್ನಡಿಯಲ್ಲಿ ಒಮ್ಮೆ ಇಣುಕಿ, "ಈ ಒಂದು ನಳಿಗೆ ಎಂತಕ್ಕೆ ಅರ್ಧಕ್ಕೆ ನಿಂತಿತ್ತ್?" ಎಂದು ಕೇಳಿದರು. ಇಡೀ ಜಾಲದಲ್ಲಿ ಅವರ ಕಣ್ಣಿಗೆ ಬಿದ್ದದ್ದು ಅದೊಂದೇ. ಮೇಸ್ತ್ರಿಗಳು ನೋಟುಪುಸ್ತಕವನ್ನು ತೆಗೆದು ಆ ಪುಟವನ್ನು ತೋರಿಸಿದರು. ಅವರು ಓದಿ, ಹೌದಾ ಎಂದು ಕಾಫಿಯ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದರು. ಮೇಸ್ತ್ರಿಗಳು ತಗಡನ್ನು ಕೂರಿಸಿ, ಆರು ಸಣ್ಣ ತಿರುಪುಗಳನ್ನು ಒಂದೊಂದಾಗಿ ಬಿಗಿದರು.